ಮಂಚ ಹೊರಗಿಟ್ಟ ಮೇಲೆ

ಮಾವನವರ ಕೊರಳ ಬುಡದ ಎರಡು ಗುಳಿಗಳಲ್ಲಿ ನನ್ನ ಮಗಳ ಮುಷ್ಟಿ ಕೂರುತ್ತಿತ್ತು. ಉಸಿರು ಎಳೆದಾಗಲೆಲ್ಲ ಅವು ಇನ್ನೂ ಒಳಗಿಳಿಯುತ್ತಿದ್ದವು. ಚಿನ್ನದ ಗಣಿಯ ಧೂಳು ಕುಡಿದ ಎದೆ ಅದು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಧೂಳು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಮ್ಮದು ಒಂದೇ ಕೋಣೆ. ನನ್ನವರು ನಸುಕಿಗೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮಗು ಮಲಗಿದ ಮೇಲೆಯೇ ಬರುವುದು. ಕಬ್ಬಿಣದ ಮಂಚದ ಮೇಲೆ ಮಾವ, ಸೀರೆಯ ತೊಟ್ಟಿಲಲ್ಲಿ ಮಗು, ಹೊಲಿಗೆ ಮೆಷಿನ್ನಿನ ಮುಂದೆ ನಾನು. ಗಾಳಿ ಎದ್ದರೆ, ಚಿನ್ನ ತೆಗೆದುಕೊಂಡು ಗಣಿಯವರು ಸುರಿದ ಮಣ್ಣಿನ ಸೈನೈಡ್ ಗುಡ್ಡದ ಪುಡಿ ಒಳಗೆ ನುಗ್ಗಿ ಮಾವನವರಿಗೆ ಕೆಮ್ಮು ಹತ್ತುತ್ತಿತ್ತು. ಆದ್ದರಿಂದ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಇಬ್ಬರನ್ನೂ ಬಿಟ್ಟು ದಾರ ತರಲು ರಾಬರ್ಟ್‌ಸನ್‌ಪೇಟೆಗೆ ಹೋಗಿಬರುವುದಕ್ಕೂ ನನಗೆ ಆಗುತ್ತಿರಲಿಲ್ಲ. ಕೆಲವು ಮಧ್ಯಾಹ್ನ, ಉಸಿರು ಕಟ್ಟುತ್ತಿರುವುದು ಅವರಿಗೋ ನನಗೋ ಎಂದೇ ತಿಳಿಯುತ್ತಿರಲಿಲ್ಲ.

ಎಂಟು ತಿಂಗಳು ತುಂಬಿದರೂ ಮಗು ಕೂರುತ್ತಿರಲಿಲ್ಲ, ಮಗುಚಿಕೊಳ್ಳಲೂ ಕಷ್ಟಪಡುತ್ತಿತ್ತು. ಹೆದರಿ ಆಸ್ಪತ್ರೆಗೆ ತೋರಿಸಿದೆ. ಡಾಕ್ಟರು ಕೈಕಾಲು ಆಡಿಸಿ ನೋಡಿ, ಹೆಚ್ಚು ಹೊತ್ತು ತೊಟ್ಟಿಲಲ್ಲೇ ಇಡುತ್ತೀರಾ ಎಂದು ಕೇಳಿದರು. ನೆಲಕ್ಕೆ ಬಿಡಿ, ಹೊರಳಲಿ, ಕೈ ಚಾಚಲಿ, ತೆವಳಲಿ. ಮೈ ಆಡಿದಷ್ಟೂ ಮಿದುಳು ಬೆಳೆಯುತ್ತದೆ, ಅದಕ್ಕೆ ಬೇರೆ ಆಟದ ಸಾಮಾನೂ ಬೇಕಿಲ್ಲ ಎಂದರು. ಮನೆಗೆ ಬಂದು ನೆಲ ನೋಡಿದೆ. ಮಂಚ, ಮೆಷಿನ್, ಗ್ಯಾಸು, ಬಟ್ಟೆಯ ಗಂಟು. ಇವಳನ್ನು ಎಲ್ಲಿ ಬಿಡಲಿ ಎನ್ನುವಾಗ ಅಳು ಬಂತು.

ಮಾವ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

"ಮಂಚ ಆಚ್ಗೆ ಆಕ್ಬುಡಮ್ಮಾ. ಮಲ್ಗಿದ್ರೆ ನಂಗೆ ಉಸ್ರೇ ಆಡಲ್ಲ. ಕುಂತ್ಕಂಡು ನಿದ್ದೆ ಮಾಡೋನ್ಗೆ ಮಂಚ ಯಾಕೆ?"

ನೆಲಕ್ಕೆ ಇಳಿದರೆ ಅವರು ಒಬ್ಬರೇ ಏಳಲಾರರು ಎಂಬುದು ಇಬ್ಬರಿಗೂ ಗೊತ್ತಿತ್ತು. ಬಚ್ಚಲಿಗೆ ಹೋಗಬೇಕಾದರೂ ನನ್ನನ್ನು ಕರೆಯಬೇಕು. ಸೊಸೆಯ ಹೆಗಲು ಹಿಡಿಯಲು ನಾಚುವ ಮನುಷ್ಯ. ಆದರೂ ಭಾನುವಾರ ನನ್ನವರು ಮಂಚವನ್ನು ಹೊರಗೋಡೆಗೆ ಒರಗಿಸಿದರು. ಮಾವ ಒಳಗೋಡೆಗೆ ದಿಂಬು ಕೊಟ್ಟು ಚಾಪೆಯ ಮೇಲೆ ಕುಳಿತರು.

ಮಗುವನ್ನು ಎತ್ತುವ ಶಕ್ತಿ ಅವರಿಗಿರಲಿಲ್ಲ. ಸ್ಟೀಲ್ ಲೋಟ ಉರುಳಿಸಿ ನಾಲಿಗೆಯಲ್ಲಿ ಟಕ್ ಟಕ್ ಎನ್ನುವರು. ಮಗು ಬೋರಲಾಗಿ ತಲೆಯೆತ್ತುವುದು, ಕೈ ಚಾಚುವುದು, ಲೋಟ ಸಿಗದೆ ಕಿರುಚುವುದು. ನಾನು ಮೆಷಿನ್ ನಿಲ್ಲಿಸಿ ಎದ್ದರೆ ಅಂಗೈ ಎತ್ತಿ ತಡೆಯುವರು.

"ಬುಡಮ್ಮಾ, ಅದೇ ಬತ್ತದೆ."

ಗಣಿಯ ಇಕ್ಕಟ್ಟು ಸುರಂಗಗಳಲ್ಲಿ ತಾವೂ ಹೊಟ್ಟೆಯ ಮೇಲೆ ತೆವಳಿದ್ದನ್ನು ಅವಳಿಗೆ ಹೇಳುವರು. ಅವಳನ್ನು ಕರೆಯುತ್ತಿದ್ದುದೇ ಮೇಸ್ತ್ರಿ ಎಂದು. "ಏನಮ್ಮಿ ಮೇಸ್ತ್ರಿ, ಇಷ್ಟ್ ನಿಧಾನ ಆದ್ರೆ ಸಂಬ್ಳ ಯಾರ್ ಕೊಡ್ತಾರೆ?" ಎಂದು ನಗಲು ಹೋಗಿ ಕೆಮ್ಮುವರು. ಯುಗಾದಿಯ ಹೊತ್ತಿಗೆ ಮೇಸ್ತ್ರಿ ಕೋಣೆಯ ಆ ಕಡೆಯಿಂದ ತೆವಳಿ ಬಂದು, ಅವರ ಎದೆಗೆ ಒರಗಿ, ಕೊರಳ ಗುಳಿಗೆ ಮುಷ್ಟಿ ಇಟ್ಟಳು. ಮಾವ ಆ ಕೈ ತೆಗೆಯಲಿಲ್ಲ. ಅವಳು ಬೇಸರವಾಗಿ ತಾನೇ ತೆಗೆಯುವವರೆಗೂ ಹಾಗೇ ಕುಳಿತಿದ್ದರು.

ಆಷಾಢದ ಗಾಳಿ ಶುರುವಾಯಿತು. ಒಂದು ಮಧ್ಯಾಹ್ನ ಅವರು ಊಟ ಬೇಡವೆಂದು ಕಣ್ಣು ಮುಚ್ಚಿದರು. ನಾನು ರವಿಕೆಯೊಂದರ ತೋಳು ಹೊಲಿಯುತ್ತಿದ್ದೆ. ಮಗಳು ತೆವಳುತ್ತ ಬಂದು ಅವರ ಮೊಣಕಾಲು ಹಿಡಿದು, ಮೊದಲ ಸಲ ಎದ್ದು ನಿಂತಳು. ಕಾಲು ನಡುಗುತ್ತಿತ್ತು. ಹಿಡಿಯಲು ಹೊರಟ ನಾನು ಅಭ್ಯಾಸದಂತೆ ನಿಂತೆ, ಮಾವನವರ ಅಂಗೈ ಮೇಲೇಳುತ್ತದೆ ಎಂದು. ಏಳಲಿಲ್ಲ. ಕೊರಳ ಗುಳಿಗಳು ಅಲುಗುತ್ತಿರಲಿಲ್ಲ. ಮಗಳು ಅಲ್ಲಿಗೇ ಮುಷ್ಟಿ ಚಾಚುತ್ತಿದ್ದಳು.

ತಿಥಿ ಮುಗಿದ ಮೇಲೆ ಮಂಚ ಒಳಗೆ ತರಲೇ ಎಂದು ನನ್ನವರು ಕೇಳಿದರು. ಬೇಡ ಎಂದೆ. ಅದು ಹೊರಗೇ ತುಕ್ಕು ಹಿಡಿಯುತ್ತಿದೆ. ಗಾಳಿ ಎದ್ದರೆ ಇವತ್ತಿಗೂ, ಅವರಿಗೆ ಕೆಮ್ಮು ಹತ್ತುವ ಮೊದಲೇ ಬಾಗಿಲು ಹಾಕಿಬಿಡೋಣವೆಂದು ಎದ್ದುಬಿಡುತ್ತೇನೆ. ಮಗಳು ನನಗಿಂತ ಮೊದಲೇ ಓಡಿ, ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಂತಿರುತ್ತಾಳೆ.