ಗುರುಶಾಂತವ್ವ ಕುದಿಸಿದ ಹಲ್ಲು

ಕಟ್ಟಿಸಿದ ಹಲ್ಲು ಕುದಿನೀರಿಗೆ ಬಿದ್ದರೆ ಸೊಟ್ಟಗಾಗುತ್ತದೆ. ಇದು ನಿಮಗೆ ಗೊತ್ತಿರಬೇಕು. ಗುಡ್ನಾಪುರದ ಗುರುಶಾಂತವ್ವನಿಗೆ ಗೊತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ.

ಗುರುಶಾಂತವ್ವ ಸೂಲಗಿತ್ತಿ. ಊರಿನ ಅರ್ಧ ಮಂದಿ ಮೊದಲು ಅತ್ತದ್ದು ಅವಳ ಕೈಯಲ್ಲಿ. ಐವತ್ತೆಂಟನೇ ಇಸವಿಯಲ್ಲಿ ನರ್ಸಬಾಯಿಯೊಬ್ಬರು ಬನವಾಸಿಯಲ್ಲಿ ಸೂಲಗಿತ್ತಿಯರನ್ನು ಕೂರಿಸಿ ಪಾಠ ಹೇಳಿದಾಗ, ಹೊಕ್ಕುಳಬಳ್ಳಿ ಕೊಯ್ಯುವ ಕತ್ತರಿ ಕುದಿಸುವುದನ್ನು ಎಲ್ಲರಿಗಿಂತ ಮೊದಲು ಕಲಿತು ಶಾಬಾಸ್ ಅನ್ನಿಸಿಕೊಂಡವಳು ಇವಳೇ. ಮನೆಯಲ್ಲಿ ಗಡಿಯಾರವಿಲ್ಲ. ಶಿವನ ಹೆಸರನ್ನು ನೂರೆಂಟರಂತೆ ಐದು ಸುತ್ತು ಹೇಳುವವರೆಗೆ ಕುದಿಸುತ್ತಿದ್ದಳು.

ಅರವತ್ತೊಂದನೇ ಇಸವಿಯ ಹೊತ್ತಿಗೆ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಕೈ ಮೊದಲಿನಷ್ಟೇ ಗಟ್ಟಿ. ಆದರೂ ಬೊಚ್ಚುಬಾಯಿ ನೋಡಿದ ಜನ, ಮುದುಕಿಗೆ ಇನ್ನು ಆಗುವುದಿಲ್ಲವೆಂದು ಕರೆಯುವುದನ್ನೇ ಬಿಟ್ಟರು. ಅದೇ ಊರಿನ ನಾಗಪ್ಪನ ಸೊಸೆಗೆ ಆಗ ಆರು ತಿಂಗಳ ಬಸಿರು. ಆ ಮನೆಯ ಮೂರು ಕೂಸುಗಳನ್ನು ಹಿಡಿದವಳು ಇವಳು. ನಾಲ್ಕನೆಯದಕ್ಕೂ ಕರೆ ಬರಬೇಕು, ಅಷ್ಟೇ ಅವಳ ಆಸೆ. ಅದಕ್ಕೇ ಅಕ್ಕನ ಮಗ ಅಂದಾನಪ್ಪನನ್ನು ಕರೆದುಕೊಂಡು ಹಲ್ಲು ಕಟ್ಟಿಸಲು ಸಿರ್ಸಿಗೆ ಹೋದಳು.

ಡಾಕ್ಟರು ಸಾಲು ಹಲ್ಲು ತೋರಿಸಿ, "ಯಾವ ಬಣ್ಣ ಬೇಕು?" ಎಂದರು.

"ಹಲ್ಲಿನಾಗೂ ಬಣ್ಣ ಇರ್ತಾವೇನ್ರೀ?"

"ಬೆಳ್ಳನ್ನವು ತಗೋ ಚಿಗವ್ವ, ಮದಲಗಿತ್ತಿ ಹಂಗ ಕಾಣ್ತಿ," ಎಂದ ಅಂದಾನಪ್ಪ.

"ಸುಮ್ನಿರೋ ಭಾಡ್ಯಾ! ಅವು ಬ್ಯಾರೆ ಯಾರದೋ ಬಾಯಾಗಿನವು ಅನಸ್ತಾವ."

ಕೊಂಚ ಹಳದಿ ಇದ್ದದ್ದನ್ನೇ ಆರಿಸಿದಳು. ಮತ್ತೆರಡು ಸಲ ಹೋದ ಮೇಲೆ ಸೆಟ್ಟು ಸಿಕ್ಕಿತು, ಬಾಯಲ್ಲಿ ಸರಿಯಾಗಿ ಕೂತಿತು. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದು ಹಲ್ಲು ಹಾಕಿಕೊಂಡವಳಿಗಲ್ಲ, ಅಂದಾನಪ್ಪನಿಗೆ. ಅಂದಾನಪ್ಪನ ಕಿವಿ ಬನವಾಸಿ ಬಸ್ಸಿನ ಹಾರ್ನಿನ ಮೇಲೆ. ದಾರಿಯಲ್ಲಿ ಅವಳು ಕೇಳಿದ್ದಕ್ಕೆ, "ಸ್ವಚ್ಛ ಇಟ್ಕೋಬೇಕಂತ," ಎಂದು ಮುಗಿಸಿದ.

ಸ್ವಚ್ಛ! ಆ ಮಾತನ್ನು ಗುರುಶಾಂತವ್ವನಿಗೆ ಕಲಿಸಬೇಕೆ? ಮರುದಿನ ಬೆಳಿಗ್ಗೆ ಕತ್ತರಿ ಕುದಿಸುವ ಪಾತ್ರೆಯಲ್ಲೇ ಹಲ್ಲು ಹಾಕಿ ಐದು ಸುತ್ತು ಮುಗಿಸಿದಳು.

ಆರಿದ ಮೇಲೆ ಬಾಯಿಗಿಟ್ಟರೆ ಕೂರಲಿಲ್ಲ. ತಿರುವಿ ಇಟ್ಟಳು. ಮೇಲಿನದನ್ನು ಕೆಳಗಿಟ್ಟಳು. ಕನ್ನಡಿ ಹಿಡಿದು ನೋಡಿದಳು. ನಿನ್ನೆಯ ಬಾಯಿ ಇವತ್ತು ಬೇರೆಯಾಯಿತೆ? ಯಾರಾದರೂ ಹಲ್ಲು ಬದಲಿಸಿಟ್ಟರೇನು?

ಮತ್ತೆ ಸಿರ್ಸಿ. ಕುದಿಸಿದ್ದು ಕೇಳಿ ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. "ಹಲ್ಲೇನು ಗೆಣಸು ಅಂದ್ಕೊಂಡ್ರಾ ಅಜ್ಜಿ? ಇದು ಹಾಳಾಯ್ತು, ಹೊಸದೇ ಮಾಡಿಸಬೇಕು."

ಆ ನಗೆಯನ್ನು ಅಂದಾನಪ್ಪ ಊರಿಗೆ ಹೊತ್ತು ತಂದ. ನಾಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತು, "ಹಲ್ಲು ಬೇಯ್ಸಿದಾಕಿ ನಮ್ಮ ಕೂಸಿಗೆ ಏನು ಮಾಡ್ತಾಳೋ!" ಎಂದ. ಹೆರಿಗೆಗೆ ಗಾಡಿ ಕಳಿಸಿ ಬೇರೆ ಊರಿನವಳನ್ನು ಕರೆಸಿದರು. ಅವಳು ಕತ್ತರಿ ಕುದಿಸಿದಳೋ ಇಲ್ಲವೋ, ಯಾರೂ ಕೇಳಲಿಲ್ಲ.

ಅದೇ ಊರಿನವನಾದ ನಾನು ಅವಳ ಮನೆಗೆ ಹೋದಾಗ ಗುರುಶಾಂತವ್ವ ಸೊಟ್ಟ ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

"ಕತ್ರಿ ಕುದಿಸಿದ್ರ ಶಾಬಾಸ್ ಅಂದ್ರು. ಹಲ್ಲು ಕುದಿಸಿದ್ರ ನಕ್ರು. ಯಾವುದು ಖರೇನೋ ತಮ್ಮಾ? ನನಗಂತೂ ತಿಳೀವಲ್ದು."

ಎರಡೂ ಖರೆ ಎಂದೆ. ಅವಳ ಗೊಂದಲ ಇನ್ನಷ್ಟು ಹೆಚ್ಚಿತು. ಅಂದಾನಪ್ಪ ಕಥೆ ಹೇಳಿದಾಗ ನಾನೂ ನಕ್ಕವನೇ; ಯಾಕೆಂದು ಬಿಡಿಸಿ ಹೇಳದೆ ಎದ್ದು ಬಂದೆ.

ಈಗಷ್ಟೇ ನೀವೂ ನಕ್ಕಿರಿ. ಪತ್ರಿಕೆ ಮಡಿಸಿಡಿ. ನಿಮ್ಮ ಮನೆಯಲ್ಲಿ ಹಲ್ಲು ಕಟ್ಟಿಸಿಕೊಂಡವರಿದ್ದರೆ ಅವರ ಎದುರು ಕೂತು ಅವರಿಗೇ ಹೇಳಿ: ಉಂಡ ಮೇಲೆ ತೊಳೆಯಬೇಕು, ಮಲಗುವಾಗ ತೆಗೆದು ತಣ್ಣೀರಲ್ಲಿಡಬೇಕು, ಬಿಸಿನೀರು ಸೋಕಿಸಬಾರದು. ಯಾಕೆಂದು ಕೇಳಿದರೆ ಅದನ್ನೂ ಹೇಳಿ: ಕತ್ತರಿ ಕಬ್ಬಿಣದ್ದು, ಕುದಿ ತಡೆಯುತ್ತದೆ; ಕಟ್ಟಿಸಿದ ಹಲ್ಲು ಪ್ಲಾಸ್ಟಿಕ್ಕಿನದು, ಕಾವಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಸ್ಸು ತಪ್ಪಿದರೆ ತಪ್ಪಲಿ, ಪೂರ್ತಿ ಹೇಳಿಯೇ ಏಳಿ.