ಒಂಬತ್ತನೇ ಗುಂಡಿಯ ಹುರುಳಿ

ಹೋದ ವಾರ ನಮ್ಮ ಗ್ಯಾರೇಜಿನಲ್ಲಿ ಟ್ರ್ಯಾಕ್ಟರೊಂದರ ಆಯಿಲ್ ಬದಲಾಯಿಸುವಾಗ ಡಬ್ಬ ಮಗುಚಿ ಕಪ್ಪು ಎಣ್ಣೆಯೆಲ್ಲ ನೆಲಕ್ಕೆ ಚೆಲ್ಲಿತು. ಯಾರಾದರೂ ಜಾರಿ ಬಿದ್ದಾರೆಂದು ಮೇಲೆ ಮರಳು ಸುರಿದೆ. ಮಧ್ಯಾಹ್ನದ ಬಿಸಿಲಿಗೆ ಆ ಮರಳು ಕಾದು ವಾಸನೆ ಎದ್ದಾಗ ಸಲಿಕೆ ಹಿಡಿದುಕೊಂಡೇ ನಿಂತುಬಿಟ್ಟೆ. ಬೇರೆಯವರಿಗೆ ಅದು ಗ್ಯಾರೇಜಿನ ಗಲೀಜು ವಾಸನೆ. ನನಗೆ ಗಾಲ್ಫ್ ಮೈದಾನದ ವಾಸನೆ... ಡ್ರಿಲ್ ಮೇಷ್ಟ್ರ ವಾಸನೆ ಅಂದರೂ ಸರಿಯೇ.

ನಗಬೇಡಿ. ಹುಣಸೂರಿನಿಂದ ಕೋಟೆ ಕಡೆಗೆ ಹೋಗುವ ದಾರಿಯಲ್ಲಿ ನಮಗೂ ಒಂದು ಗಾಲ್ಫ್ ಮೈದಾನವಿದೆ. ಹಿಂದೊಂದು ಕಾಲದಲ್ಲಿ ಕೊಡಗಿನಿಂದ ಇಳಿದು ಬರುತ್ತಿದ್ದ ತೋಟದ ಸಾಹುಕಾರರು ಮಾಡಿಕೊಂಡದ್ದು. ಅವರು ಬರುವುದು ನಿಂತ ಮೇಲೆ ಊರಿನ ನಾಲ್ಕಾರು ಜನ ಸೇರಿ ಉಳಿಸಿಕೊಂಡರು. ಒಂದು ಮಸಾಲೆ ದೋಸೆಯ ದುಡ್ಡು ಕೊಟ್ಟರೆ ಯಾರು ಬೇಕಾದರೂ ಚೆಂಡು ಬೀಳಿಸುವ ಒಂಬತ್ತು ಗುಂಡಿಯ ಒಂದು ಸುತ್ತು ಆಡಬಹುದು. ಕೋಲಿಲ್ಲದೆ ಬಂದವರಿಗೆ ಕೋಲೂ ಕೊಡುತ್ತಾರೆ. ಟಿ.ವಿ.ಯಲ್ಲಿ ತೋರಿಸುವ ಮೈದಾನ ಮನಸ್ಸಿನಲ್ಲಿಟ್ಟುಕೊಂಡು ಬಂದವರು ಗೇಟಿನಿಂದಲೇ ವಾಪಸ್ ಹೋದದ್ದುಂಟು. ಇಲ್ಲಿ ದನ ಮೇಯುತ್ತವೆ. ಗುಂಡಿಯ ಸುತ್ತ ಹುಲ್ಲು ಬೆಳೆಸೋಣವೆಂದರೆ ನೀರಿಲ್ಲ. ಅದಕ್ಕೇ ನುಣ್ಣನೆಯ ಮರಳಿಗೆ ಹಳೇ ಇಂಜಿನ್ ಆಯಿಲ್ ಬೆರೆಸಿ, ದುಂಡಗೆ ಹಾಸಿ, ಗಟ್ಟಿ ಮಾಡಿ, ನಡುವೆ ಗುಂಡಿ ತೋಡಿ ಬಾವುಟದ ಕಂಬ ನೆಡುತ್ತಾರೆ. ಬೇರೆ ಕಡೆ ಆ ಜಾಗಕ್ಕೆ ಗ್ರೀನ್ ಅನ್ನುತ್ತಾರಂತೆ. ನಮ್ಮದು ಬ್ರೌನ್.

ಆ ಹಳೇ ಎಣ್ಣೆ ಕೇಳಿಕೊಂಡೇ ಮೇಷ್ಟ್ರು ಮೊದಲ ಸಲ ನನ್ನ ಗ್ಯಾರೇಜಿಗೆ ಬಂದದ್ದು. ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ರಿಟೈರಾಗಿದ್ದವರು. ನಾನು ಅವರ ಶಿಷ್ಯನಲ್ಲ, ಆದರೂ ಅವರ ಕಣ್ಣು ಬಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಎಣ್ಣೆಯ ಕ್ಯಾನು ಎತ್ತಿಕೊಳ್ಳುತ್ತಾ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ ಎಂದರು. ಕರೆದದ್ದೋ ಗದರಿದ್ದೋ ಗೊತ್ತಾಗಲಿಲ್ಲ. ಹೋದೆ. ಮೊದಲ ದಿನ ಚೆಂಡಿಗಿಂತ ಹೆಚ್ಚಾಗಿ ಮಣ್ಣಿಗೇ ಹೊಡೆದೆ. ಎಷ್ಟೋ ಭಾನುವಾರ ಹಾಗೇ ಕಳೆಯಿತು, ಬಿಡಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಮೇಷ್ಟ್ರ ಜೊತೆ ಆಡುವುದೆಂದರೆ ಸುಲಭವಲ್ಲ. ಚೆಂಡು ಗುಂಡಿಯ ಅಂಚಿಗೆ ಬಂದು ನಿಂತರೆ ನಾವೆಲ್ಲ ‘ಆಯ್ತು ಬಿಡಿ’ ಎಂದು ಕೈಯಲ್ಲೇ ಎತ್ತಿಕೊಳ್ಳುತ್ತಿದ್ದೆವು. ಅವರು ಮಾತ್ರ ಬೆರಳಷ್ಟು ದೂರವಿದ್ದರೂ ಕೋಲಿನಿಂದ ತಟ್ಟಿ ಒಳಗೆ ಬೀಳಿಸಿಯೇ ಮುಂದಕ್ಕೆ ನಡೆಯುತ್ತಿದ್ದರು. ಇನ್ನೊಂದು ನಿಯಮ ಮೈದಾನದ್ದೇ. ಬ್ರೌನಿನಲ್ಲಿ ಆಟ ಮುಗಿಸಿದವರು ಅಲ್ಲಿಟ್ಟಿರುವ ಗೋಣಿ ಎಳೆದು, ತಮ್ಮ ಹೆಜ್ಜೆ ಗುರುತೆಲ್ಲ ಅಳಿಸಿ, ಹಿಂದೆ ಬರುವವರಿಗೆ ನೆಲ ಸಮ ಮಾಡಿ ಹೋಗಬೇಕು. ಸೋಮಾರಿತನಕ್ಕೆ ನಾನು ಎರಡು ಸುತ್ತು ಎಳೆದು ಬಿಟ್ಟರೆ, ಅವರು ಗೋಣಿಯನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ಅಂಥವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಎರಡೂ ಹೋದವು. ಮಾತು ಉಳಿಯಿತು, ಸಿಟ್ಟೂ ಉಳಿಯಿತು. ಕಾಲು ನಿಧಾನಕ್ಕೆ ಅರ್ಧಮರ್ಧ ವಾಪಸ್ ಬಂತು, ಕೈ ಬರಲಿಲ್ಲ. ನೋಡಲು ಹೋದವರೆಲ್ಲ ಇನ್ನು ಆರಾಮಾಗಿರಿ ಸಾರ್ ಎಂದು ಹೇಳಿ ಎದ್ದು ಬರುತ್ತಿದ್ದರು. ನಾನೂ ಹಾಗೇ ಹೇಳಿದ್ದೆ.

ಒಂದು ಬೆಳಿಗ್ಗೆ ಆಟೋದಲ್ಲಿ ಗ್ಯಾರೇಜಿಗೆ ಬಂದು ಇಳಿದರು. ಬಗಲಲ್ಲಿ ಎರಡು ಗಾಲ್ಫ್ ಕೋಲು. ತಲೆಯ ಕಡೆ ಕತ್ತರಿಸಿ, ಎಡಗೈಗೆ ಆಗುವ ಹಾಗೆ ತಿರುಗಿಸಿ ವೆಲ್ಡ್ ಮಾಡಿಕೊಡು ಎಂದರು. ಗಾಲ್ಫ್ ಕೋಲಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ ಅಂದೆ. ನಿಲ್ಲುವ ಹಾಗೆ ಮಾಡು ಅಂದರು. ಮಾಡಿಕೊಟ್ಟೆ. ಮುರಿಯಿತು. ಮತ್ತೆ ಮಾಡಿದೆ. ದಿನಾ ಸಂಜೆ ನಮ್ಮ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ನಿಂತು, ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಎಡಗೈಯೊಂದರಲ್ಲೇ ಬೀಸುತ್ತಿದ್ದರು. ಎಷ್ಟೋ ಸಲ ಬಿದ್ದರು. ಎತ್ತಲು ಹೋದರೆ ಬೈಯುತ್ತಿದ್ದರು.

ಅವರ ಮನೆಯವರಿಗೆ ಭಯ. ಮೈದಾನದ ಹೆಸರೆತ್ತಿದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಕೊನೆಗೊಂದು ದಿನ ನನ್ನೆದುರಿಗೇ ಮೇಷ್ಟ್ರು ಹೆಂಡತಿಗೆ ಹೇಳಿದರು, “ಒಂದೇ ಒಂದು ಸುತ್ತು. ಒಂಬತ್ತು ಗುಂಡೀನೂ ನನ್ನ ಕಾಲಲ್ಲೇ ನಡೆದು ಮುಗಿಸ್ತೀನಿ. ಮುಗೀನಿಲ್ಲ ಅಂದ್ರೆ ನೀವೆಲ್ಲ ಏಳ್ದಂಗೆ ಮನೇಲಿ ಕುಂತ್ಕತೀನಿ. ಆಮೇಲೆ ಗಾಲ್ಫ್ ಅಂತ ಬಾಯೇ ಬುಡಲ್ಲ.”

ಅವರು ಸುಮ್ಮನೆ ಹೇಳುವ ಪೈಕಿಯಲ್ಲ. ಮುಗಿಯದಿದ್ದರೆ ನಿಜಕ್ಕೂ ಮನೆಯ ಮೂಲೆಯ ಕುರ್ಚಿಯಲ್ಲೇ ಕೂತುಬಿಡುತ್ತಿದ್ದರು... ಅದು ಅವರ ಹೆಂಡತಿಗೂ ಗೊತ್ತಿತ್ತು. ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ, ಜೊತೆಗಿರಪ್ಪ ಎಂದಷ್ಟೇ ಹೇಳಿದರು.

ಸಂಕ್ರಾಂತಿ ಕಳೆದ ಹೊಸತು. ಊಟ ಮುಗಿಸಿಕೊಂಡು ಹೊರಟೆವು. ಒಂದು ಹೊಡೆತಕ್ಕೆ ಚೆಂಡು ಹೋಗುತ್ತಿದ್ದ ದೂರಕ್ಕೆ ಈಗ ನಾಲ್ಕೈದು ಹೊಡೆತ ಬೇಕಾಯಿತು. ಮೂರನೇ ಗುಂಡಿಯ ಹತ್ತಿರ ಇಳಿಜಾರಿನಲ್ಲಿ ಮುಗ್ಗರಿಸಿ ಬಿದ್ದು ಮೊಣಕೈ ತರಚಿತು. ನಾನು ಕೈ ಕಟ್ಟಿಕೊಂಡು ನಿಂತೆ. ಕೋಲೂರಿ ತಾವೇ ಎದ್ದರು. ಆರನೇದು ಮುಗಿಯುವಾಗ ಮುಖ ಸಪ್ಪಗಾಗಿತ್ತು, ಬಲಗಾಲು ನೆಲಕ್ಕೆ ಗೀರು ಎಳೆಯುತ್ತಿತ್ತು. ಸಾಕು ಅನ್ನುವ ಮಾತು ನನ್ನ ಬಾಯಿಗೆ ಬಂದು ಬಂದು ಹೋಗುತ್ತಿತ್ತು. ಎಂಟೂ ಮುಗಿಸಿದರು. ಒಂಬತ್ತನೇ ಬ್ರೌನಿನ ಅಂಚಿಗೆ ಒಂದು ಮಾರು ದೂರದಲ್ಲಿ, ಹುಲ್ಲಿನಲ್ಲಿ, ಚೆಂಡು ತಂದು ನಿಲ್ಲಿಸಿದರು. ಹೊತ್ತು ಮುಳುಗಲು ಬಂದಿತ್ತು.

ಅಷ್ಟು ಹೊತ್ತೂ ಅವರ ಕಾಲು, ಚೆಂಡು ಬಿಟ್ಟು ಬೇರೇನೂ ನೋಡಿರದ ನಾನು ತಲೆಯೆತ್ತಿ ನೋಡಿದರೆ ಬ್ರೌನೇ ಇಲ್ಲ. ಅದರ ತುಂಬ ಹುರುಳಿ.

ಗೋಣಿಚೀಲ ಹೊಲಿದ ಹಾಸಿನ ಮೇಲೆ ಒಣಗಿದ ಹುರುಳಿ ಗಿಡ ಹರಡಿ, ವಯಸ್ಸಾದ ಹೆಂಗಸೊಬ್ಬರು ಕೋಲಿನಿಂದ ಬಡಿಯುತ್ತಿದ್ದರು. ಪಕ್ಕದ ಹಳ್ಳಿಯ ಮಗಳ ಮನೆಗೆ ಚುಂಚನಕಟ್ಟೆ ಕಡೆಯಿಂದ ಬಂದು ಸೇರಿ ವಾರವಷ್ಟೇ ಆಗಿತ್ತಂತೆ. ನಾನು ಸಿಟ್ಟಿನಿಂದ ಏನಮ್ಮಾ ಇದು ಎಂದೆ. ಅವರು ಹೆದರಿ ಕೋಲು ಕೆಳಗಿಟ್ಟರು.

“ದುಂಡಗೆ ನೆಲ ಗಟ್ಟಿ ಮಾಡವ್ರೆ, ಮಧ್ಯದಲ್ಲಿ ಮೇಟಿಯೂ ನೆಟ್ಟವ್ರೆ. ಒಕ್ಕೋ ಕಣ ಅನ್ಕಂಡೆ ಸಾಮಿ. ಈಗ ಎಲ್ರೂ ಟಾರು ರೋಡಿಗೆ ಸುರೀತಾರಲ್ಲ, ಇಂಥ ಕಣ ಕಂಡು ಎಷ್ಟು ವರ್ಸ ಆಗಿತ್ತೋ.”

ಅವರನ್ನು ಬೈಯುವುದಾದರೂ ಹೇಗೆ? ಕಣವನ್ನೂ ಅದರ ನಡುವಿನ ಮೇಟಿ ಕಂಬವನ್ನೂ ನೋಡಿ ಬೆಳೆದವರಿಗೆ ಬಾವುಟವಿಲ್ಲದ ಆ ಕಂಬ ಇನ್ನೇನಾಗಿ ಕಂಡೀತು. ಬಾವುಟವನ್ನು ಯಾವಾಗಲೋ ದನ ತಿಂದಿತ್ತು. ಆದರೂ ಹಾಸನ್ನು ಪಕ್ಕಕ್ಕೆ ಎಳೆದುಬಿಡೋಣ ಸಾರ್ ಎಂದೆ. ಅಂಚಿನಲ್ಲೆಲ್ಲ ಕಾಳು ಬಿದ್ದಿತ್ತು, ಎಳೆದರೆ ಹುಲ್ಲಿನಲ್ಲಿ ಸೇರಿಹೋಗುತ್ತಿತ್ತು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಹಾಗಾದರೆ ಸುತ್ತು ಮುಗಿದ ಲೆಕ್ಕ ಅಂದುಕೊಳ್ಳಿ, ಗುಂಡಿ ಮುಚ್ಚಿಹೋಗಿದೆ, ಯಾರೂ ತಪ್ಪು ಹೇಳುವುದಿಲ್ಲ ಎಂದೆ. ಆಗ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

“ನೀವು ಬಡ್ದು ಮುಗಿಸ್ಕಳಿ ಅವ್ವಾ,” ಎಂದು ಆಕೆಗೆ ಹೇಳಿ ಚಪ್ಪಲಿ ಬಿಟ್ಟರು. ಅಲ್ಲೇ ನೆಲದ ಮೇಲೆ ಕೂತು ಎಡಗೈಯಲ್ಲಿ ಗಾಲ್ಫ್ ಕೋಲು ಹಿಡಿದು ಹುರುಳಿ ಬಡಿಯತೊಡಗಿದರು. ಇನ್ನು ನಾನು ನಿಂತಿರುವುದು ಹೇಗೆ? ಮೂವರೂ ಬಡಿದೆವು. ಅವತ್ತಿಗೆ ಆ ವೆಲ್ಡಿಂಗ್ ಮುರಿಯಲಿಲ್ಲ, ಅದೊಂದು ನನ್ನ ಹೆಮ್ಮೆ. ಕಾಳು ಒಟ್ಟುಗೂಡಿಸುವ ಹೊತ್ತಿಗೆ ಕಣ್ಣು ಕಾಣದಷ್ಟು ಕತ್ತಲಾಗಿತ್ತು.

ಮೇಷ್ಟ್ರು ಚೆಂಡಿನ ಹತ್ತಿರ ಹೋಗಿ ನಿಂತರು. ಅದು ಎಲ್ಲಿದೆಯೋ ಅಲ್ಲೇ ಇರಲಿ, ಬೆಳಿಗ್ಗೆ ಬಂದು ಆಡುತ್ತೇನೆ, ದಯವಿಟ್ಟು ಯಾರೂ ಮುಟ್ಟಬೇಡಿ ಎಂದು ಆಕೆಗೆ ಹೇಳಿದರು. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ನಾಯಿಗಳಿವೆ, ಹಂದಿಗಳಿವೆ, ದನ ತುಳಿಯಬಹುದು. ಚೆಂಡು ಹೋದರೆ ಇವರ ಸುತ್ತೂ ಹೋಯಿತು, ಇವರೂ ಹೋದರು... ಹಾಗೇ ಅನ್ನಿಸಿತು.

ಬೆಳಕು ಹರಿಯುವಾಗ ಹೋದೆವು. ಬ್ರೌನು ಗುಡಿಸಿ ಚೊಕ್ಕಟವಾಗಿತ್ತು. ಹುಲ್ಲಿನಲ್ಲಿ ಬೋರಲು ಹಾಕಿದ ಒಂದು ಮಂಕರಿ, ಅದರ ಮೇಲೊಂದು ಕಲ್ಲು, ಪಕ್ಕದಲ್ಲಿ ಕಂಬಳಿ ಹೊದ್ದು ಆಕೆ.

“ಮುಟ್ಬ್ಯಾಡಿ ಅಂದ್ರಲ್ಲ, ಅದಕ್ಕೇಯ ಮುಟ್ದಂಗೆ ಮುಚ್ಚಿವ್ನಿ,” ಎಂದು ಬುಟ್ಟಿ ಎತ್ತಿದರು. ಚೆಂಡು ಒಂದಿಷ್ಟೂ ಅಲುಗದೆ ಅಲ್ಲೇ ಇತ್ತು.

ಮೇಷ್ಟ್ರು ಎಡಗೈಯಲ್ಲಿ ತಟ್ಟಿದರು. ಚೆಂಡು ಗುಂಡಿ ದಾಟಿ ಆಚೆ ಹೋಯಿತು. ಅಲ್ಲಿಂದ ತಟ್ಟಿದರೆ ಅಂಚಿಗೆ ಬಂದು ನಿಂತಿತು. ಇನ್ನೊಮ್ಮೆ ತಟ್ಟಿದರು, ಗುಂಡಿಯೊಳಗಿನ ತಗಡಿನ ಡಬ್ಬಕ್ಕೆ ಚೆಂಡು ಬಿದ್ದ ಸದ್ದು ಕೇಳಿತು. ಅವರು ಕೋಲೂರಿಕೊಂಡು ಅಲ್ಲೇ ನಿಂತರು.

ಆಕೆ ಗುಂಡಿಯೊಳಗೆ ಬಗ್ಗಿ ನೋಡಿ ಕೇಳಿದರು, “ಅಷ್ಟೇಯಾ?”

“ಅಷ್ಟೇಯ ಕಣವ್ವ,” ಎಂದು ಮೇಷ್ಟ್ರು ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ನಗು ಮುಗಿಸಿ ಗೋಣಿ ಹಿಡಿದು, ಒಳಗಿನಿಂದ ಹೊರಕ್ಕೆ ಸುತ್ತು ಸುತ್ತಾಗಿ, ಒಂದೇ ಕೈಯಲ್ಲಿ ಎಳೆದರು. ತುಂಬಾ ಹೊತ್ತು ಹಿಡಿಯಿತು. ಕೊಡಿ ಎಂದು ನಾನು ಕೇಳಲಿಲ್ಲ.

ಆಮೇಲೂ ಎರಡು ವರ್ಷ ಆಡಿದರು. ಅವರ ಮನೆಯವರೇ ಭಾನುವಾರ ಟೋಪಿ ಹುಡುಕಿ ಕೊಡುತ್ತಿದ್ದರು. ಎರಡನೇ ಸಲ ಲಕ್ವ ಹೊಡೆದಾಗ ಮಾತ್ರ ಏಳಲಿಲ್ಲ. ಮಣ್ಣು ಹಾಕಿ ಬಂದ ಮೇಲೆ ನಾನು ಮೈದಾನದ ಕಡೆ ತಲೆ ಹಾಕಲಿಲ್ಲ. ಎಣ್ಣೆಯನ್ನು ಯಾರ ಕೈಯಲ್ಲಾದರೂ ಕಳಿಸಿಬಿಡುತ್ತಿದ್ದೆ. ಕೇಳಿದವರಿಗೆ ಮಂಡಿ ನೋವು ಅನ್ನುತ್ತಿದ್ದೆ. ನೋವಿದ್ದದ್ದು ಮಂಡಿಯಲ್ಲಲ್ಲ. ಅವರಿಲ್ಲದೆ ಅಲ್ಲಿ ನಡೆಯುವುದು ನನಗೆ ಬೇಕಿರಲಿಲ್ಲ.

ಗ್ಯಾರೇಜಿನಲ್ಲಿ ಆ ವಾಸನೆ ಎದ್ದ ಮೇಲೆ ಈ ಭಾನುವಾರ ಹೋದೆ. ಒಬ್ಬನೇ ಆಡಿದೆ, ಕೆಟ್ಟದಾಗಿ ಆಡಿದೆ. ಒಂಬತ್ತನೇ ಗುಂಡಿಯಿಂದ ಚೆಂಡು ತೆಗೆಯಲು ಬಗ್ಗಿದಾಗ ಅಳು ಬಂತು. ತಡೆಯಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ನನ್ನನ್ನು ಬೈಯಲು ಯಾರೂ ಇರಲಿಲ್ಲ. ಅತ್ತು, ಮುಖ ಒರೆಸಿಕೊಂಡು ಮೇಲೆ ನೋಡಿದೆ. ಹೊತ್ತು ಇನ್ನೂ ಇತ್ತು. ಗೋಣಿ ಎಳೆದು ನೆಲ ಸಮ ಮಾಡಿ, ಕೋಲು ಹೆಗಲಿಗೇರಿಸಿ ಮತ್ತೆ ಮೊದಲನೇ ಗುಂಡಿಯ ಕಡೆಗೆ ನಡೆದೆ.