ಹುರಿದ ರಾಗಿ

ಮಗಳು ಸೈಕಲ್‌ನಿಂದ ಬಿದ್ದು ಮಂಡಿ ತರಚಿಕೊಂಡಳು. ಹಚ್ಚಲು ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದೆ. ಆ ವಾಸನೆಗೆ ನೆನಪಾದದ್ದು ಅಮೆರಿಕದ ಡರ್ಹಮ್‌ನ ಒಂದು ಅಡುಗೆಮನೆ, ಒಲೆಯ ಪಕ್ಕ ಬಿಳಿ ಸಾಸರು ಹಿಡಿದು ನಿಂತ ಅಂಕಲ್. ಸಾಸರು ಬಿಳಿಯದೇ? ಖಚಿತವಿಲ್ಲ. ಕಪ್ಪು ಎದ್ದು ಕಾಣಲಿ ಎಂದು ನನ್ನ ನೆನಪೇ ಅದನ್ನು ಬಿಳಿ ಮಾಡಿಕೊಂಡಿರಬಹುದು.

ಅಂಕಲ್ ಎಂದರೆ ಸಂಬಂಧವೇನಿಲ್ಲ. ಎರಡು ಮನೆ ಆಚೆ ಇದ್ದವರು, ಧಾರವಾಡದ ಕಡೆಯ ನಿವೃತ್ತ ಎಂಜಿನಿಯರ್. ಮನೆಯಲ್ಲೇ ಬಾರ್ಲಿಯಿಂದ ಬಿಯರ್ ಮಾಡುತ್ತಿದ್ದರು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಮಾಲ್ಟ್ ಸಿರಪ್ ಮುಟ್ಟುತ್ತಿರಲಿಲ್ಲ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ತರಿತರಿಯಾಗಿ ಒಡೆದು, ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಅದರ ಪಿಷ್ಟ ಸಕ್ಕರೆಯಾಗುವವರೆಗೆ ಕಾಯುತ್ತಿದ್ದರು. ಆಯಿತೋ ಇಲ್ಲವೋ ನೋಡಲು, ಆ ನೀರನ್ನು ಸ್ವಲ್ಪ ಸಾಸರಿಗೆ ತೆಗೆದು ಒಂದು ಹನಿ ಅಯೋಡಿನ್. ಕಪ್ಪಾದರೆ ಪಿಷ್ಟ ಹಾಗೇ ಉಳಿದಿದೆ ಎಂದರ್ಥ.

2013ರ ಸುಮಾರಿಗೆ ಡಾಕ್ಟರು ಅವರಿಗೆ ಗೋಧಿ, ಬಾರ್ಲಿ ಎರಡನ್ನೂ ಬಿಡಿಸಿದರು. ಅದೇ ಹೊತ್ತಿಗೆ ಮರೆವು ಶುರುವಾಗಿತ್ತು, ಅಥವಾ ಶುರುವಾಗಿದೆ ಎಂಬ ಭಯ. ಬರೀ ರಾಗಿಯಲ್ಲಿ ಒಂದು ಬಿಯರ್ ಮಾಡಿ, ತಲೆ ಇನ್ನೂ ನೆಟ್ಟಗಿದೆ ಎಂದು ತಮಗೆ ತಾವೇ ತೋರಿಸಿಕೊಳ್ಳಬೇಕೆಂದು ಹಟ ಹಿಡಿದರು.

ಜೋಳದ ರೊಟ್ಟಿಯ ಮನುಷ್ಯನಿಗೆ ರಾಗಿ ಗೊತ್ತಿರಲಿಲ್ಲ. ತುಮಕೂರಿನವನಾದ್ದರಿಂದ ನಾನೇ ಪಂಡಿತ. “ನೀವು ಬಿಡಿ ಅಂಕಲ್, ಮೊಳಕೆ ಡಿಪಾರ್ಟ್‌ಮೆಂಟ್ ನಂದು” ಎಂದೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಣಗಿಸಿ, ಅಮ್ಮ ತಂಗಿಗೆ ಮಾಲ್ಟ್ ಮಾಡುವಾಗ ಮಾಡುತ್ತಿದ್ದಂತೆ ಘಮ್ಮೆನ್ನುವವರೆಗೆ ಬಾಣಲೆಯಲ್ಲಿ ಹುರಿದು ಕೊಟ್ಟೆ.

ಮೊದಲ ಸಲ ಕಪ್ಪಾಯಿತು. ಎರಡನೆಯ ಸಲವೂ. ಅಂಕಲ್ ಥರ್ಮಾಮೀಟರ್ ಬದಲಿಸಿದರು, ನೀರು ಬದಲಿಸಿದರು. ಮೂರನೆಯ ಸಲ ಒಂದು ಗಂಟೆಯ ಬದಲು ಮೂರು ಗಂಟೆ ಕಾದರು.

“ನೋಡಪಾ, ಮತ್ತ ಕರ್ರಗ ಆತು.”

“ಒಲಿ ಮ್ಯಾಲೆ ಚಹಾ ಇಟ್ಟದ್ದ ಇವರಿಗೆ ನೆನಪಿರಂಗಿಲ್ಲ, ಬಿಯರ್ ಮಾಡ್ತಾರಂತ!” ಎಂದರು ಆಂಟಿ. ಬೇರೆ ದಿನ ಇಂಥದಕ್ಕೆ ಅಂಕಲ್ಲೇ ಮೊದಲು ನಗುತ್ತಿದ್ದರು. ಅವತ್ತು ನಗಲಿಲ್ಲ.

“ಇಪ್ಪತ್ತು ವರ್ಷ ಮಾಡೇನಿ. ಎಲ್ಲೋ ಒಂದು ಸ್ಟೆಪ್ ಮರೀಲಿಕ್ಹತ್ತೇನಿ. ಯಾವುದು ಅಂತನೂ ತಿಳೀವಲ್ದು.”

ಅದೇ ವಾರ ನಾನು ಎಲ್ಲೋ ಓದಿದೆ: ಮೊಳಕೆ ಕಾಳನ್ನು ಹುರಿದರೆ, ಪಿಷ್ಟವನ್ನು ಸಕ್ಕರೆ ಮಾಡುವ ಅದರ ಶಕ್ತಿ ಸತ್ತುಹೋಗುತ್ತದೆ. ರಾಗಿ ಮೊದಲೇ ಕಂದು, ಹುರಿದದ್ದು ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಕೇಳಿದ್ದರೇ? ಒಂದು ನೆನಪಿನಲ್ಲಿ “ಬರೇ ಒಣಗಿಸೀಯಲ್ಲ?” ಎನ್ನುತ್ತಾರೆ, ನಾನು ಫೋನ್ ನೋಡುತ್ತಾ “ಹೂಂ ಅಂಕಲ್” ಎನ್ನುತ್ತೇನೆ. ಇನ್ನೊಂದರಲ್ಲಿ ಕೇಳುವುದೇ ಇಲ್ಲ. ಎರಡನೆಯದು ನನಗೆ ಅನುಕೂಲ, ಅದಕ್ಕೇ ಅದರ ಮೇಲೆ ನಂಬಿಕೆಯಿಲ್ಲ...

ತಕ್ಷಣ ಹೋಗಿ ಹೇಳಬೇಕಿತ್ತು. ಎರಡು ಮನೆ ದಾಟಿದರೆ ಆಯಿತು. ಅದರ ಬದಲು ಹುರಿಯದ ರಾಗಿ ತಯಾರಿಸಿ, ಏನೂ ಆಗದವನಂತೆ ಕೊಟ್ಟುಬಿಟ್ಟರೆ ನನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಹತ್ತು ದಿನ ಹಿಡಿಯಿತು. ಚೀಲ ಹಿಡಿದು ಹೋದರೆ ಒಲೆಯ ಮೇಲೆ ಬಿಯರ್ ಮಾಡುವ ದೊಡ್ಡ ಪಾತ್ರೆಯೇ ಇರಲಿಲ್ಲ. ಯಾರಿಗೋ ಕೊಟ್ಟುಬಿಟ್ಟಿದ್ದರು.

“ಸಾಕಪಾ. ತಲಿ ಮುಗೀತು ನಂದು” ಎಂದರು.

ಆಗಲೂ ಹೇಳಲಿಲ್ಲ. “ಛೆ, ಹಾಗೆಲ್ಲ ಅನ್ಬೇಡಿ ಅಂಕಲ್” ಎಂದು ಚಹಾ ಕುಡಿದು ಬಂದೆ. ಈ ವಾಕ್ಯ ಮಾತ್ರ ನನಗೆ ಅಕ್ಷರ ತಪ್ಪದೆ ನೆನಪಿದೆ, ಎಂಥ ದರಿದ್ರ ವಾಕ್ಯ. ಮುಂದಿನ ವರ್ಷ ಅವರಿಬ್ಬರೂ ತಮ್ಮ ಮಗಳ ಹತ್ತಿರ ಷಾರ್ಲೆಟ್‌ಗೆ ಹೋದರು. ಎರಡೂವರೆ ಗಂಟೆಯ ಡ್ರೈವ್. ಪ್ರತಿ ಲಾಂಗ್ ವೀಕೆಂಡ್‌ಗೂ ಹೋಗೋಣ ಎಂದುಕೊಂಡೆ... ಅಂಕಲ್ ಅಲ್ಲೇ ತೀರಿಕೊಂಡರು.

ಇವತ್ತು ಮಗಳನ್ನು ಸಮಾಧಾನ ಮಾಡಿ ಆಟಕ್ಕೆ ಕಳಿಸಿ, ಆಂಟಿಗೆ ಫೋನ್ ಮಾಡಿದೆ. ಹುರಿದದ್ದು, ಓದಿದ್ದು, ಬಾಯಿ ಬಿಡದೆ ಇದ್ದದ್ದು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ.

“ಇಲ್ಲಿ ಡಾಕ್ಟರು ಎಲ್ಲಾ ಟೆಸ್ಟ್ ಮಾಡಿ, ಮರವು ಏನೂ ಇಲ್ಲ ಅಂದಿದ್ರಪಾ. ಇವರು ನಂಬಲೇ ಇಲ್ಲ. ಹಂಗಿದ್ರ ರಾಗಿ ಬಿಯರ್ ಯಾಕ ಆಗಲಿಲ್ಲ, ಅಂತ ಕಡೀತನಕ ನನ್ನ ಕೇಳ್ತಿದ್ರು.”

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಆ ಕಡೆ ಕುಕ್ಕರ್ ಕೂಗಿತು. “ಇಡ್ತೇನಪಾ” ಎಂದರು.